ಕಟಿಂಗ್ ಟೇಬಲ್ಲಿಗೆ ಇಪ್ಪತ್ತೆರಡು ಮೆಟ್ಟಿಲು

ತಾತನ ಅಂಗಡಿಯ ಕಟಿಂಗ್ ಟೇಬಲ್ ಆ ಕೋಣೆಯೊಳಗೇ ಹುಟ್ಟಿದ್ದು. ಬಡಗಿಯೊಬ್ಬರು ಹಲಗೆಗಳನ್ನು ಒಂದೊಂದಾಗಿ ಮೇಲಕ್ಕೆ ಹೊತ್ತು ತಂದು, ಮೂರು ದಿನ ಅಲ್ಲೇ ಕೂತು ಜೋಡಿಸಿದರಂತೆ. ಎಂಟು ಅಡಿ ಉದ್ದ, ನಾಲ್ಕೂವರೆ ಅಡಿ ಅಗಲ. ಕೋಣೆಯ ಬಾಗಿಲು ಎರಡೂವರೆ ಅಡಿ. ಕೆಲಸ ಮುಗಿದ ಮೇಲೆ ಬಡಗಿ ಟೇಬಲನ್ನೊಮ್ಮೆ ಬಾಗಿಲನ್ನೊಮ್ಮೆ ನೋಡಿ, “ಇನ್ನು ಇದು ಹೊರಗೆ ಹೋಗಬೇಕಾದ್ರೆ ಗರಗಸ ಬೇಕು ಮಾಸ್ಟ್ರೇ” ಎಂದರಂತೆ. “ನನ್ನ ಕಥೆಯೂ ಅಷ್ಟೇ” ಎಂದರಂತೆ ತಾತ.

ಇದು ನಾನು ಹುಟ್ಟುವುದಕ್ಕೆ ಮೂವತ್ತು ವರ್ಷ ಮೊದಲಿನ ಮಾತು. ನಾನು ನೋಡಿದ್ದಲ್ಲ, ಕಾಜಾ ಮಾಮ ಹೇಳಿದ್ದು. ಕೋಟಿನ ಗುಂಡಿ ಸಿಕ್ಕಿಸುವ ತೂತಿಗೆ ಹೊಲಿಗೆಯವರು ಕಾಜಾ ಎನ್ನುತ್ತಾರೆ. ತಾತ ಹೊಲಿದ ಕೋಟುಗಳಿಗೆಲ್ಲ ನಲವತ್ತು ವರ್ಷ ಕೂತು ಕಾಜಾ ಮಾಡಿದವರು ಅವರು. ನಮಗೂ ಅವರಿಗೂ ನೆಂಟಸ್ತಿಕೆ ಇಲ್ಲ. ಆದರೂ ತಾತ ಅವರಿಗೆ ಅಣ್ಣ, ಅಜ್ಜಿ ಅತ್ತಿಗೆ, ಉಳಿದ ನಮಗೆಲ್ಲ ಅವರು ಮಾಮ.

ಅಂಗಡಿ ಇದ್ದದ್ದು ಮೊಳೆ ಅಂಗಡಿಯ ಮೇಲೆ. ಕೆಳಗೆ ಮೊಳೆ, ಬೀಗ, ಹಗ್ಗ, ಬಣ್ಣದ ಡಬ್ಬಿ. ಮೇಲೆ ಕೋಟು, ಪ್ಯಾಂಟು. ನಡುವೆ ಇಪ್ಪತ್ತೆರಡು ಮರದ ಮೆಟ್ಟಿಲು. ಹನ್ನೊಂದು ಹತ್ತಿದರೆ ಒಂದು ತಿರುವು, ಅಲ್ಲಿ ಪುಸ್ತಕದಷ್ಟೇ ದೊಡ್ಡದಾದ ಒಂದು ಕಿಟಕಿ, ಆಮೇಲೆ ಮತ್ತೆ ಹನ್ನೊಂದು. ಹತ್ತುತ್ತಾ ಹೋದಂತೆ ಬಣ್ಣದ ಎಣ್ಣೆಯ ವಾಸನೆ ಹಿಂದೆ ಬಿದ್ದು, ಇಸ್ತ್ರಿ ಪೆಟ್ಟಿಗೆಯ ಕೆಳಗಿನ ಒದ್ದೆ ಉಣ್ಣೆಯ ವಾಸನೆ ಎದುರು ಬರುತ್ತಿತ್ತು. ಎರಡೂ ವಾಸನೆ ಸರಿಸಮನಾಗಿ ಸೇರುವ ಜಾಗ ಹದಿನಾಲ್ಕನೆಯ ಮೆಟ್ಟಿಲು. ಚಿಕ್ಕವಳಿದ್ದಾಗ ನಾನು ಅಲ್ಲಿ ನಿಂತು ಮೂಗು ಆಚೆ ಈಚೆ ಮಾಡಿ ಪರೀಕ್ಷೆ ಮಾಡಿದ್ದೇನೆ.

ತಾತನಿಗೆ ಟೇಪು ಹಿಡಿಯುವ ಮೊದಲೇ ಅಳತೆ ಗೊತ್ತಾಗುತ್ತಿತ್ತು. ಗಿರಾಕಿ ಬಾಗಿಲಲ್ಲಿ ನಿಂತಾಗಲೇ ಒಮ್ಮೆ ನೋಡುತ್ತಿದ್ದರು. ಆಮೇಲೆ ಟೇಪು ಹಿಡಿದರೂ ಅದು ಶಾಸ್ತ್ರಕ್ಕೆ. ಅವರ ಹೊಲಿಗೆ ಯಂತ್ರ ಕಾಲಿನಲ್ಲಿ ಮೆಟ್ಟಿ ನಡೆಸುವಂಥದ್ದು. ಅಗಲವಾದ ಕಬ್ಬಿಣದ ಪೆಡಲು, ಪಕ್ಕದಲ್ಲಿ ದೊಡ್ಡ ಚಕ್ರ, ಚಕ್ರದಿಂದ ಮೇಲಕ್ಕೆ ತೊಗಲಿನ ಬೆಲ್ಟು. ಬೆಳಿಗ್ಗೆಯಿಂದ ಸಂಜೆಯವರೆಗೆ ತಾತನ ಪಾದ ಅದರ ಮೇಲೆ. ಅವರ ಮೀನಖಂಡ ಮರದ ಗೂಟದ ಹಾಗಿತ್ತು. ನಾನು ಟೇಬಲ್ ಕೆಳಗೆ ಚೂರುಬಟ್ಟೆಯ ರಾಶಿಯಲ್ಲಿ ಕೂತು ಅದನ್ನು ಬೆರಳಿನಿಂದ ಒತ್ತಿ ನೋಡುತ್ತಿದ್ದೆ. ಒಂದು ಸಲವೂ ಒಳಗೆ ಹೋಗಲಿಲ್ಲ.

“ಯಾರದು ಕೆಳಗೆ? ಇಲಿಯಾ?” ಎನ್ನುತ್ತಿದ್ದರು ತಾತ, ಕಾಲು ನಿಲ್ಲಿಸದೆ.

“ಇಲಿ ಅಲ್ಲ ಅಣ್ಣ, ಹೆಗ್ಗಣ” ಎನ್ನುತ್ತಿದ್ದರು ಕಾಜಾ ಮಾಮ.

ತಾತನಿಗೆ ಎಪ್ಪತ್ತೊಂದು ತುಂಬಿದ ವರ್ಷ, ಒಂದು ಬೆಳಿಗ್ಗೆ, ಕೋಟಿನ ಒಳಪದರಕ್ಕೆ ಹಾಕುವ ಅಸ್ತರಿನ ಬಟ್ಟೆಯ ಗಂಟನ್ನು ಹೆಗಲ ಮೇಲೆ ಹಾಕಿಕೊಂಡು ಹತ್ತುವಾಗ ತಿರುವು ದಾಟಿದ ಮೇಲೆ ಎರಡನೆಯ ಮೆಟ್ಟಿಲಿನಲ್ಲಿ ಕೂತುಬಿಟ್ಟರು. ಹಿಂದಿನ ಎರಡು ದಿನದಿಂದ ಎಡಗೈ ಭಾರವಾಗಿತ್ತಂತೆ. ಗ್ಯಾಸು ಎಂದುಕೊಂಡು ಸುಮ್ಮನಿದ್ದರು. ಕಾಜಾ ಮಾಮ ಮೇಲಿನಿಂದ ಇಳಿದು ಬಂದಾಗ ಅಂಗಿಯೆಲ್ಲ ಬೆವರಿನಲ್ಲಿ ತೊಯ್ದಿತ್ತು. ಆಸ್ಪತ್ರೆಯಲ್ಲಿ ಎರಡು ಸ್ಟೆಂಟ್ ಹಾಕಿದರು. ರಕ್ತನಾಳ ಕಿರಿದಾಗುತ್ತಾ ಬಂದು ವರ್ಷಗಳೇ ಆಗಿವೆ, ಮೆಟ್ಟಿಲು ಅದನ್ನು ತಿಳಿಸಿತು ಅಷ್ಟೇ, ಎಂದು ಡಾಕ್ಟರು ಬಿಡಿಸಿ ಹೇಳಿದರು. ಅಜ್ಜಿಯ ಕಿವಿಗೆ ಬಿದ್ದದ್ದು ‘ಮೆಟ್ಟಿಲು’ ಒಂದೇ.

“ಆ ಮೆಟ್ಟಿಲ ಮುಖ ಇನ್ನು ನೀವು ನೋಡಕೂಡದು” ಎಂದು ಅಜ್ಜಿ ತೀರ್ಮಾನ ಕೊಟ್ಟರು.

ಹೊಲಿಗೆ ಯಂತ್ರ ಮನೆಗೆ ಬಂತು. ಟೇಬಲ್ ಬರುವಂತಿರಲಿಲ್ಲ, ಅಲ್ಲೇ ಉಳಿಯಿತು. ಕಿಟಕಿಯ ಪಕ್ಕ ತಾತನಿಗೆ ಮೆತ್ತನೆಯ ತಗ್ಗು ಕುರ್ಚಿ. ಅದರ ತೋಳಿಗೆ ಅಜ್ಜಿ ಒಂದು ಸೈಕಲ್ ಬೆಲ್ಲು ಬಿಗಿಸಿದರು. ಒಂದು ಸಲ ಹೊಡೆದರೆ ನೀರು, ಎರಡು ಸಲ ಹೊಡೆದರೆ ಪೇಪರು ಅಥವಾ ಕನ್ನಡಕ, ಮೂರು ಸಲ ಹೊಡೆದರೆ ಬಚ್ಚಲಿಗೆ ಹೋಗಬೇಕು, ಕೈ ಹಿಡಿಯಲು ಯಾರಾದರೂ ಬನ್ನಿ ಎಂದರ್ಥ. ಯಂತ್ರ ಮೆಟ್ಟುವುದು ಎದೆಗೆ ಶ್ರಮ ಎಂದು ಯೋಚಿಸಿ, ರಿಪೇರಿಯವನನ್ನು ಕರೆಸಿ ಅದಕ್ಕೆ ಮೋಟಾರು ಹಾಕಿಸಿದರು. ಮುಷ್ಟಿಯಷ್ಟು ದೊಡ್ಡ ಕಪ್ಪು ಮೋಟಾರು. ಕಾಲಿನ ಹೆಬ್ಬೆರಳು ಒತ್ತಿದರೆ ಸಾಕು, ಸುಯ್ಯೆಂದು ಓಡುತ್ತಿತ್ತು.

“ನೋಡಿ, ಕೂತಲ್ಲೇ ರಾಜ್ಯಭಾರ” ಎಂದರು ಅಜ್ಜಿ.

ಹತ್ತನೆಯ ತರಗತಿ ಮುಗಿಸಿ ನಾನು ಶಾಲೆ ಬಿಟ್ಟದ್ದೂ ಅದೇ ವರ್ಷ. ಹಾಗಾಗಿ ಮನೆಯಲ್ಲಿ ನಡೆದದ್ದನ್ನೆಲ್ಲ ಹತ್ತಿರದಿಂದ ನೋಡಿದ್ದೇನೆ. ನೀರು ತಂದುಕೊಟ್ಟವರಲ್ಲಿ ನಾನೂ ಒಬ್ಬಳು. ಬೆಲ್ಲು ಕೇಳಿಸಿದ ಕೂಡಲೆ ಅಜ್ಜಿ, ಅಮ್ಮ, ನಾನು, ಮೂವರೂ ಓಡುತ್ತಿದ್ದೆವು. ತಾತ ಎದ್ದರೆ ಮೂವರೂ ಒಟ್ಟಿಗೆ, “ಏಳ್ಬೇಡಿ, ಏಳ್ಬೇಡಿ!” ಎನ್ನುತ್ತಿದ್ದೆವು. ನೆರೆಮನೆಯವರು, ಸ್ವಲ್ಪ ಓಡಾಡಲಿ ಬಿಡಿ ಎಂದರೆ ಅಜ್ಜಿಯ ಹತ್ತಿರ ಗಾದೆ ಸಿದ್ಧವಿತ್ತು. “ನಡೆಯೋರು ಎಡವ್ತಾರೆ, ಕೂತೋರು ಎಡವ್ತಾರಾ?”

ಊಟದಲ್ಲಿ ಉಪ್ಪು ಕಡಿಮೆಯಾಯಿತು. ಅದೊಂದಕ್ಕೆ ಮಾತ್ರ ತಾತ ಜಗಳವಾಡುತ್ತಿದ್ದರು.

“ಉಪ್ಪಿಗಿಂತ ರುಚಿ ಇಲ್ಲ ಅಂತ ದೊಡ್ಡೋರು ಸುಮ್ನೆ ಹೇಳಿದ್ರೇನೆ?”

“ದೊಡ್ಡೋರಿಗೆ ಸ್ಟೆಂಟ್ ಹಾಕಿರ್ಲಿಲ್ಲ. ತೆಪ್ಪಗೆ ಉಣ್ಣಿ.”

ಕೋಟು ಕತ್ತರಿಸಲು ಬಟ್ಟೆಯನ್ನು ಪೂರ್ತಿ ಹಾಸಬೇಕು. ಅಷ್ಟು ಜಾಗ ಮನೆಯಲ್ಲಿ ಇರಲಿಲ್ಲ. ತಾತ ದಿಂಬಿನ ಚೀಲ ಹೊಲಿದರು, ಪ್ಯಾಂಟುಗಳ ಉದ್ದ ಕಡಿಮೆ ಮಾಡಿಕೊಟ್ಟರು, ಪರದೆಗಳ ಅಂಚು ಮಡಿಸಿದರು. ಆಮೇಲಾಮೇಲೆ ಅದೂ ಕಡಿಮೆಯಾಯಿತು. ಒಂದು ಮಧ್ಯಾಹ್ನ ನಾನು ಕೋಣೆಗೆ ಹೋದಾಗ ಅವರು ಪ್ಯಾಂಟನ್ನು ಮೊಣಕಾಲಿನ ತನಕ ಮಡಚಿ, ಟೇಪನ್ನು ಮೀನಖಂಡಕ್ಕೆ ಸುತ್ತಿಕೊಂಡಿದ್ದರು. ನನ್ನನ್ನು ಕಂಡು ಟೇಪು ಬಿಚ್ಚಿ, “ಪ್ಯಾಂಟು ಸಡಿಲ ಆಗಿದೆ ಪುಟ್ಟಿ, ಅದಕ್ಕೆ” ಎಂದರು. ಅಳತೆ ಪುಸ್ತಕದ ಕೊನೆಯ ಹಾಳೆಯಲ್ಲಿ ಅವರ ಕೈಬರಹವನ್ನು ನಾನು ಆಮೇಲೆ ನೋಡಿದೆ. ‘ಸ್ವಂತ’ ಎಂದು ಮೇಲೆ ಬರೆದು, ಕೆಳಗೆ ಹದಿನಾಲ್ಕೂವರೆ, ಹದಿಮೂರೂಕಾಲು, ಹನ್ನೆರಡೂಕಾಲು ಎಂದು ಒಂದರ ಕೆಳಗೊಂದು ಬರೆದಿದ್ದರು. ನಮಗಾರಿಗೂ ತಿಳಿಯದ್ದು ಅವರಿಗೆ ಇಂಚುಗಳಲ್ಲಿ ತಿಳಿದಿತ್ತು.

ಹೀಗೆ ಹದಿನಾಲ್ಕು ತಿಂಗಳು ಹೋಯಿತು. ಒಂದು ಸಂಜೆ ಮೊಳೆ ಸಾಹುಕಾರರು ಮನೆಗೆ ಬಂದರು. ಕೆಳಗಿನ ಅಂಗಡಿಯೂ ಮೇಲಿನ ಕೋಣೆಯೂ ಅವರದೇ. ಅವರ ತಂದೆಯ ಕಾಲದಿಂದ ತಾತ ಅಲ್ಲಿದ್ದರು. ಸಾಹುಕಾರರು ಮೊದಲ ದಿನ ಶಾಲೆಗೆ ಹೋದಾಗ ಹಾಕಿಕೊಂಡ ಅಂಗಿಯೂ ತಾತ ಹೊಲಿದದ್ದೇ. ಈಗ ಅವರಿಗೆ ಐವತ್ತರ ಮೇಲೆ, ದಪ್ಪ ಶರೀರ, ಸಂಕೋಚದ ಸ್ವಭಾವ. ಕಾಫಿ ಲೋಟ ಖಾಲಿಯಾದ ಮೇಲೂ ಅದನ್ನೇ ತಿರುಗಿಸುತ್ತಾ ಕೂತಿದ್ದರು.

“ಹೇಳಪ್ಪಾ, ಲೋಟಕ್ಕೆ ತಲೆ ತಿರುಗ್ತಾ ಇದೆ” ಎಂದರು ತಾತ.

“ಬಣ್ಣದ ಡಬ್ಬಿ ಇಡೋಕೆ ಜಾಗ ಇಲ್ಲ ಮಾಸ್ಟ್ರೇ. ಮೇಲಿನ ರೂಮು ಸುಮ್ನೆ ಬಿದ್ದಿದೆ... ಮೂರು ತಿಂಗಳು ನೋಡೋಣ. ಅಷ್ಟರೊಳಗೆ ನೀವು ಹತ್ತಿ ಬಂದು ಕೆಲಸ ಶುರು ಮಾಡಿದ್ರೆ ರೂಮು ನಿಮ್ದೇ, ಎರಡು ಮಾತಿಲ್ಲ. ಆಗ್ಲಿಲ್ಲಾಂದ್ರೆ ಕೀ ಕೊಟ್ಬಿಡಿ.”

“ಟೇಬಲ್ಲು?”

ಸಾಹುಕಾರರು ನೆಲ ನೋಡಿದರು. “ಬಡಗೀನ ಕರೆಸ್ತೀನಿ. ಹುಷಾರಾಗಿ ಕೊಯ್ಯೋಕೆ ಹೇಳ್ತೀನಿ.”

ತಾತ ಅವರನ್ನು ಬಾಗಿಲ ತನಕ ಕಳಿಸಿಕೊಡಲೆಂದು ಕುರ್ಚಿಯ ಎರಡೂ ತೋಳು ಹಿಡಿದು ಎದ್ದರು. ಅರ್ಧಕ್ಕೆ ಬಂದು ಮತ್ತೆ ಕೂತರು. ಎರಡನೆಯ ಸಲವೂ ಹಾಗೇ ಆಯಿತು. ಮೂರನೆಯ ಸಲ ಸಾಹುಕಾರರೇ ಕಂಕುಳಿಗೆ ಕೈಹಾಕಿ ಎಬ್ಬಿಸಿದರು. ತಾತ ಗೋಡೆ ಹಿಡಿದುಕೊಂಡು ಬಾಗಿಲ ತನಕ ಹೋಗಿ, “ಕೀ ನನ್ನ ಹತ್ರಾನೇ ಇರುತ್ತೆ ಬಿಡು” ಎಂದರು. ಆ ದಿನ ಅವರು ಬೆಲ್ಲು ಹೊಡೆಯಲಿಲ್ಲ.

ಮುಂದಿನ ವಾರವೇ ಆಸ್ಪತ್ರೆಯಲ್ಲಿ ಅವರ ಮಾಮೂಲು ತಪಾಸಣೆ ಇತ್ತು. ಡಾಕ್ಟರು ಎದೆಯ ಪರೀಕ್ಷೆ ಮಾಡಿ, ಹೃದಯ ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದರು. “ಹಾಗಾದ್ರೆ ನಾನ್ಯಾಕೆ ಕೆಲಸ ಮಾಡ್ತಿಲ್ಲ?” ಎಂದು ತಾತ ಕೇಳಿದರು. ಡಾಕ್ಟರು ನಕ್ಕು, ಪಕ್ಕದ ಕೋಣೆಯ ವ್ಯಾಯಾಮದ ಮೇಡಂ ಹತ್ತಿರ ಕಳಿಸಿದರು. ಎದೆಯ ಕಾಯಿಲೆಯವರಿಗೆ ನಡೆಯುವುದು, ಏಳುವುದು, ಹತ್ತುವುದು, ಇವನ್ನು ಮತ್ತೆ ಕಲಿಸುವುದೇ ಅವರ ಕೆಲಸ. ತಾತ, ಅಜ್ಜಿ, ನಾನು ಒಳಗೆ ಹೋದೆವು.

ಮೇಡಂ ಗಟ್ಟಿ ಬೆನ್ನಿನ ಒಂದು ಮರದ ಕುರ್ಚಿ ತಂದಿಟ್ಟರು. “ತಾತ, ಕೈ ಎರಡೂ ಎದೆ ಮೇಲೆ ಕಟ್ಕೊಳಿ. ಕೈ ಊರದೆ ಏಳಿ, ಕೂರಿ. ಮೂವತ್ತು ಸೆಕೆಂಡಲ್ಲಿ ಎಷ್ಟು ಸಲ ಆಗುತ್ತೆ ನೋಡೋಣ. ಅಮ್ಮ, ನೀವು ದೂರ ನಿಂತ್ಕೊಳಿ.”

“ನಾನು ಹಿಡ್ಕೊಳ್ದೇ ಇದ್ರೆ ಬೀಳ್ತಾರೆ.”

“ನಾನು ಹಿಡ್ಕೋತೀನಿ. ನಂಗೆ ಅದಕ್ಕೇ ಸಂಬಳ ಕೊಡೋದು.”

ತಾತ ಎದ್ದದ್ದು ನಾಲ್ಕು ಸಲ. ನಾಲ್ಕನೆಯದು ಪೂರ್ತಿಯಲ್ಲ, ಆದರೆ ಮೇಡಂ ಲೆಕ್ಕಕ್ಕೆ ಹಿಡಿದರು. ಈ ವಯಸ್ಸಿಗೆ ಹನ್ನೆರಡು ಸಲವಾದರೂ ಆಗಬೇಕು ಎಂದರು. ಮನೆಯಲ್ಲಿ ದಿನವಿಡೀ ಏನೇನು ಮಾಡುತ್ತಾರೆ ಎಂದು ಕೇಳಿದರು. ಅಜ್ಜಿ ಹೆಮ್ಮೆಯಿಂದ ಎಲ್ಲ ಹೇಳಿದರು. ಕುರ್ಚಿ, ಬೆಲ್ಲು, ಮೋಟಾರು, ಒಂದನ್ನೂ ಬಿಡಲಿಲ್ಲ.

ಮೇಡಂ ಪೆನ್ನು ಕೆಳಗಿಟ್ಟರು. “ಅಮ್ಮ, ನಿಮ್ಮ ಮೊಣಕಾಲು ಹೇಗಿದೆ? ನೋವು ಇದ್ಯಾ?”

“ನಂದಾ? ಈಗೊಂದು ವರ್ಷದಿಂದ ಇಲ್ವೇ ಇಲ್ಲ. ಗಟ್ಟಿಮುಟ್ಟಾಗಿದ್ದೀನಿ.”

“ಇರದೇ ಏನು? ಅವರು ನಡೀಬೇಕಾದ್ದನ್ನೆಲ್ಲ ನೀವೇ ನಡೆದುಬಿಟ್ಟಿದ್ದೀರಿ.”

ತಾತ ಜೋರಾಗಿ ನಕ್ಕರು. ಅಜ್ಜಿ ನಗಲಿಲ್ಲ. “ನಡೆಯೋರು ಎಡವ್ತಾರೆ, ಕೂತೋರು...” ಎಂದು ಶುರುಮಾಡಿದರು.

“ಕೂತೋರು ಏಳೋವಾಗ ಬೀಳ್ತಾರೆ ಅಮ್ಮ. ದಿನಾ ನೋಡ್ತೀನಿ ಇಲ್ಲಿ.” ಮೇಡಂ ದನಿ ಮೆತ್ತಗಾಯಿತು. “ನೀವು ಪ್ರೀತಿಯಿಂದಲೇ ಮಾಡಿದ್ದೀರಿ. ಆದ್ರೆ ಎದೆಗೆ ಬೇಕಾದ ರೆಸ್ಟು ಯಾವತ್ತೋ ಮುಗೀತು. ಕಾಲು ಗಟ್ಟಿ ಇದ್ರೆ ಎದೆಗೆ ಹೊರೆ ಕಮ್ಮಿ. ಆ ಮೆಷಿನ್ನು ಮೆಟ್ಟೋದಿತ್ತಲ್ಲ, ಅದನ್ನ ಯಾಕೆ ತೆಗೆಸಿದ್ರಿ? ನಾನಾಗಿದ್ರೆ ಅದನ್ನೇ ಬರೆದುಕೊಡ್ತಿದ್ದೆ.”

ಮೇಡಂ ಕಲಿಸಿದ್ದು ಸುಲಭದ್ದೇ. ಮರದ ಕುರ್ಚಿಯಿಂದ ಏಳುವುದು, ಕೂರುವುದು. ಗೋಡೆ ಹಿಡಿದು ಹಿಮ್ಮಡಿ ಎತ್ತುವುದು. ದಿನಕ್ಕೆ ಎರಡು ಸಲ ನಡೆಯುವುದು. ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅದೇ ಸರಿಯಾದ ವೇಗ ಎಂದರು.

“ಇವರು ಮಲಗಿದ್ರೂ ಹಾಡೋಕೆ ಆಗಲ್ಲ, ಹೇಗೆ ಗೊತ್ತಾಗ್ಬೇಕು?” ಎಂದರು ಅಜ್ಜಿ. ಅಷ್ಟು ಹೊತ್ತಿಗೆ ಅವರಿಗೂ ಸ್ವಲ್ಪ ನಗು ಬಂದಿತ್ತು.

ಎದೆ ಬಿಗಿದರೆ, ತಲೆ ಸುತ್ತಿದರೆ ನಿಲ್ಲಬೇಕು, ಕೂರಬೇಕು. ಕಡಿಮೆಯಾಗದಿದ್ದರೆ ತಡಮಾಡದೆ ಆಸ್ಪತ್ರೆಗೆ ಬರಬೇಕು. ನಾಲಿಗೆ ಕೆಳಗೆ ಇಡುವ ಮಾತ್ರೆ ಸದಾ ಜೊತೆಯಲ್ಲಿರಬೇಕು. ಆ ಮಾತ್ರೆಗೆಂದೇ ತಾತ ತಮ್ಮ ಅಂಗಿಗಳಿಗೆಲ್ಲ ಒಳಗಡೆ ಒಂದೊಂದು ಪುಟ್ಟ ಜೇಬು ಹೊಲಿದುಕೊಂಡರು. ವರ್ಷದಲ್ಲಿ ಮೊದಲ ಸಲ ಅವರು ಮುತುವರ್ಜಿಯಿಂದ ಹೊಲಿದದ್ದು ಅದು.

ಮರುದಿನ ಬೆಳಿಗ್ಗೆ ಅಜ್ಜಿ ಸ್ಕ್ರೂ ಡ್ರೈವರ್ ತಂದು ಬೆಲ್ಲು ಬಿಚ್ಚಿದರು. “ನೀರು ಬೇಕಾದ್ರೆ ನೀರಿನ ಹತ್ರ ಹೋಗಿ. ನೀರಿಗೆ ಕಾಲಿಲ್ಲ.” ಹೇಳಿದ್ದು ಗಡುಸಾಗಿಯೇ. ಆದರೆ ತಾತ ಎದ್ದು ಅಡುಗೆಮನೆಗೆ ಹೋಗುವಾಗ ಅಜ್ಜಿ ಬಾಗಿಲ ಹಿಂದೆ ನಿಂತು, ಸೆರಗಿನೊಳಗೆ ಎರಡೂ ಕೈಗಳನ್ನು ಬಿಗಿಯಾಗಿ ಸುತ್ತಿಕೊಂಡಿದ್ದನ್ನು ನಾನು ನೋಡಿದೆ. ಕೈ ತಾನಾಗಿ ಚಾಚಿಬಿಡುತ್ತದೆ ಎಂಬ ಹೆದರಿಕೆ.

ಮೋಟಾರನ್ನು ತಾತನೇ ಬಿಚ್ಚಿದರು. ಕಾಜಾ ಮಾಮ ಹೊಸ ತೊಗಲಿನ ಬೆಲ್ಟು ತಂದುಕೊಟ್ಟರು. ಮೊದಲ ದಿನ ಐದು ನಿಮಿಷ ಮೆಟ್ಟುವಷ್ಟರಲ್ಲಿ ತೊಡೆ ನಡುಗಿತು. ಹದಿನೈದು ದಿನಕ್ಕೆ ಅರ್ಧ ಗಂಟೆ ಆಯಿತು. ಅಡುಗೆಮನೆಯಲ್ಲಿದ್ದ ನಮಗೆ ಆ ಸದ್ದು ಕೇಳಿಸುತ್ತಿತ್ತು. ಒಂದು ದಿನ ಅಮ್ಮ ಕೈಯಲ್ಲಿದ್ದ ಪಾತ್ರೆ ಹಾಗೇ ಹಿಡಿದು ನಿಂತು, “ಚಿಕ್ಕವಳಿದ್ದಾಗ ಅಂಗಡೀಲಿ ಟೇಬಲ್ ಕೆಳಗೆ ಮಲಗಿ ಈ ಸದ್ದಿಗೇ ನಿದ್ದೆ ಹೋಗ್ತಿದ್ದೆ ಕಣೇ, ನಿನ್ನ ಹಾಗೇ” ಎಂದರು.

ಒಂದು ತಿಂಗಳು ಕಳೆದ ಮೇಲೆ ಮೆಟ್ಟಿಲಿನ ಅಭ್ಯಾಸ ಶುರುವಾಯಿತು. ಮೇಡಂ ಒಪ್ಪಿಗೆ ಕೊಟ್ಟಿದ್ದರು. ದಿನ ಬಿಟ್ಟು ದಿನ ನಾವು ಮೊಳೆ ಅಂಗಡಿಯ ತನಕ ನಡೆದು ಹೋಗುತ್ತಿದ್ದೆವು. ಅಜ್ಜಿ ಕೆಳಗೆ ಗಲ್ಲಾಪೆಟ್ಟಿಗೆಯ ಹತ್ತಿರ ಸ್ಟೂಲಿನ ಮೇಲೆ ಕೂರುವರು. ಹತ್ತಿ ಬರಲು ಅವರಿಗೆ ಮನಸ್ಸಿರಲಿಲ್ಲ. ತಾತನ ಪಕ್ಕದಲ್ಲಿ ಕಾಜಾ ಮಾಮ, ಹಿಂದೆ ನಾನು.

ಹತ್ತುವಾಗ ಮಾತಾಡಬೇಕಲ್ಲ, ಏನು ಮಾತಾಡುವುದು? ತಾತ ಒಂದು ಉಪಾಯ ಕಂಡುಕೊಂಡರು. ಒಂದೊಂದು ಮೆಟ್ಟಿಲಿಗೆ ಒಬ್ಬೊಬ್ಬ ಹಳೆಯ ಗಿರಾಕಿ. ಪುಸ್ತಕ ನೋಡದೆ ಅವರ ಅಳತೆ ಹೇಳುವುದು. ಉಸಿರು ಕಟ್ಟದೆ ಹೇಳಿ ಮುಗಿಸಿದರೆ ಮುಂದಿನ ಮೆಟ್ಟಿಲು; ಮಧ್ಯೆ ಉಸಿರು ತುಂಡಾದರೆ ಅಲ್ಲೇ ನಿಲ್ಲುವುದು.

“ಪೋಸ್ಟ್‌ಮ್ಯಾನು. ಎದೆ ಮೂವತ್ತೆಂಟು, ತೋಳು ಇಪ್ಪತ್ನಾಲ್ಕು. ಚೀಲ ಹೊತ್ತು ಹೊತ್ತು ಬಲ ಭುಜ ಅರ್ಧ ಇಂಚು ಇಳಿದಿತ್ತು. ಒಳಗೆ ಹತ್ತಿ ತುಂಬಿ ಸಮ ಮಾಡಿದ್ದೆ.”

“ಮಗಳ ಮದುವೇಲಿ ಹಾಕ್ಕೊಂಡಿದ್ರು. ಎಷ್ಟು ನೆಟ್ಟಗೆ ನಿಂತಿದ್ರು!” ಎಂದರು ಕಾಜಾ ಮಾಮ.

“ಕ್ಲಾರಿನೆಟ್ ಊದೋರು. ಉಸಿರು ಬಿಟ್ರೆ ನಲವತ್ತು, ಎಳೆದ್ರೆ ನಲವತ್ಮೂರು. ಅವರಿಗೆ ಎರಡು ಅಳತೆ.”

“ಮೊದಲ್ನೇ ಕೋಟಿನ ಗುಂಡಿ ಕಿತ್ತು ಮುಂದಿನ ಸಾಲಿನೋರ ಮೇಲೆ ಬಿದ್ದಿತ್ತಲ್ಲ ಅಣ್ಣ!”

“ಗುಂಡಿ ಕಿತ್ತಿದ್ದು ನಿನ್ನ ಕಾಜಾ ಬಿಗಿ ಇದ್ದಿದ್ದಕ್ಕೆ.”

“ಗುಂಡಿ ಹೊಲಿದಿದ್ದು ನೀನು. ನನ್ನ ಕಾಜಾ ಇವತ್ತಿಗೂ ಹಾಗೇ ಇರುತ್ತೆ.”

ನಾಲ್ಕನೆಯ ಮೆಟ್ಟಿಲಲ್ಲಿ ಮೇಷ್ಟ್ರು. ಅವರಿಗೆ ಸೀಮೆಸುಣ್ಣ ಇಟ್ಟುಕೊಳ್ಳಲು ಒಳಜೇಬು ಮೂರು. ಐದನೆಯದರಲ್ಲಿ ಬ್ಯಾಂಕಿನ ಗುಮಾಸ್ತ. ಫೋಟೋ ತೆಗೆಸಿಕೊಳ್ಳಲು ಭುಜ ಅಗಲ ಕಾಣಬೇಕೆಂದು ಬೇಡಿಕೊಂಡವನು. ಆರನೆಯದರಲ್ಲಿ ಕಾರ್ಖಾನೆಯಲ್ಲಿ ಎಡಗೈ ಕಳೆದುಕೊಂಡವರು. “ಆದ್ರೂ ಎರಡು ತೋಳು ಇಡಿ ಮಾಸ್ಟ್ರೇ, ಖಾಲಿ ತೋಳನ್ನ ಜೇಬಿಗೆ ಸಿಕ್ಕಿಸ್ಕೋತೀನಿ ಅಂದ್ರು. ಅಳತೆ ತಗೊಳ್ಳೋವಾಗ ಆ ಕಡೆ ಟೇಪು ಎಲ್ಲಿಗೆ ತನಕ ಹಿಡೀಬೇಕು ಅಂತ ನಂಗೆ ಗೊತ್ತಾಗ್ಲಿಲ್ಲ” ಎಂದು ತಾತ ಅಲ್ಲಿ ನಿಂತರು. ಆ ಸಲ ಉಸಿರಿಗಾಗಿ ನಿಂತದ್ದಲ್ಲ.

ಅವರಲ್ಲಿ ಹೆಚ್ಚಿನವರು ಈಗಿಲ್ಲ. ಆ ಮೆಟ್ಟಿಲುಗಳ ಮೇಲೆ ಮಾತ್ರ, ತಾತ ಕರೆದ ಹಾಗೆ, ಒಬ್ಬೊಬ್ಬರಾಗಿ ಕೋಟು ಹಾಕಿಕೊಂಡು ಬಂದು ನಿಲ್ಲುತ್ತಿದ್ದರು.

ಎರಡನೆಯ ತಿಂಗಳ ಕೊನೆಯಲ್ಲಿ ಒಂದು ತಪ್ಪಾಯಿತು. ತಿರುವಿನಲ್ಲಿ ಎರಡು ನಿಮಿಷ ಕೂರಬೇಕೆಂದು ಮೇಡಂ ಹೇಳಿದ್ದರು. ಅಂದು ತಾತ ಕೂರಲಿಲ್ಲ. ಕಾಜಾ ಮಾಮ ತಮಾಷೆಗೆ, “ನಾನು ನಲವತ್ತು ವರ್ಷ ದಿನಾ ಎರಡು ಸಲ ಹತ್ತಿಳಿದಿದ್ದೀನಪ್ಪ, ಏನೂ ಆಗಿಲ್ಲ” ಎಂದಿದ್ದರು. ತಾತ ಹಟಕ್ಕೆ ಬಿದ್ದು ಹದಿನೇಳರ ತನಕ ಒಂದೇ ಉಸಿರಿಗೆ ಹತ್ತಿದರು. ಅಳತೆ ಹೇಳುವ ಮಾತು ಹದಿನೈದರಲ್ಲೇ ನಿಂತಿತ್ತು. ಹದಿನೇಳರಲ್ಲಿ ಮುಖ ಬಿಳಿಚಿಕೊಂಡಿತು. ಗೋಡೆಗೆ ಒರಗಿ ಕೂತರು. ನಾನು ಅಜ್ಜಿಯನ್ನು ಕೂಗಿದೆ.

ಅಜ್ಜಿ ಆ ಹದಿನೇಳು ಮೆಟ್ಟಿಲನ್ನು ಹೇಗೆ ಹತ್ತಿದರೋ ನಾನು ಕಾಣೆ. ಎದುರು ನಿಂತು ತಾತನ ಎದೆಯ ಮೇಲೆ ಅಂಗೈ ಇಟ್ಟರು. ಎದೆನೋವು ಇರಲಿಲ್ಲ, ತಲೆ ಸುತ್ತಿತ್ತು ಅಷ್ಟೇ. ಐದಾರು ನಿಮಿಷಕ್ಕೆ ಬಣ್ಣ ತಿರುಗಿತು. ಆಗ ಅಜ್ಜಿಗೆ ಅಳು ಬಂತು.

“ಸಾಕು. ಟೇಬಲ್ ಹಾಳಾಗಿ ಹೋಗ್ಲಿ, ಕೊಯ್ದು ಒಲೆಗೆ ಹಾಕ್ಲಿ. ನಂಗೆ ನೀವು ಬೇಕು.”

ತಾತ ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡು ಹೇಳಿದರು. “ಆ ಕುರ್ಚೀಲಿ ಹದಿನಾಲ್ಕು ತಿಂಗಳು ಕೂತಿದ್ನಲ್ಲ, ಅವನು ಬೇಕಾ ನಿಂಗೆ?”

ಕಾಜಾ ಮಾಮ ಪಕ್ಕದಲ್ಲೇ ನಿಂತು, “ತಪ್ಪು ನಂದು ಅತ್ತಿಗೆ” ಎಂದರು. ಅಜ್ಜಿ ಕಣ್ಣೊರೆಸಿಕೊಂಡು, “ನಿಂದು ಆಮೇಲೆ ವಿಚಾರಿಸ್ಕೋತೀನಿ” ಎಂದರು.

ಅಂದೇ ಮೇಡಂಗೆ ತೋರಿಸಿದೆವು. ಅವರು ತಾತನನ್ನು ಚೆನ್ನಾಗಿ ಬೈದರು. ಆಮೇಲೆ, ನಿಂತದ್ದು ಸರಿಯಾಯಿತು, ಒಂದು ವಾರ ಬಿಟ್ಟು ಮತ್ತೆ ಶುರುಮಾಡಿ, ಆದರೆ ತಿರುವಿನಲ್ಲಿ ಕೂರಲೇಬೇಕು ಎಂದರು. ಆ ವಾರ ಮನೆಯಲ್ಲಿ ಟೇಬಲ್ ಮಾತು ಯಾರೂ ಎತ್ತಲಿಲ್ಲ. ತಾತ ದಿನಾ ಯಂತ್ರ ಮೆಟ್ಟಿದರು. ಎಂಟನೆಯ ದಿನ ಬೆಳಿಗ್ಗೆ ಅಜ್ಜಿ ಅಡುಗೆಮನೆಯ ಸ್ಟೂಲನ್ನು ಕಂಕುಳಲ್ಲಿ ಇಟ್ಟುಕೊಂಡು ಚಪ್ಪಲಿ ಹಾಕಿಕೊಂಡರು.

“ಏನೇ ಅದು?”

“ತಿರುವಿನಲ್ಲಿ ಇಡೋಕೆ. ಇನ್ನು ಮೇಲೆ ಮುಂದೆ ನಾನು ಹತ್ತೋದು, ಹಿಂದೆ ನೀವು. ನನ್ನ ದಾಟಿ ಹೋದ್ರೆ ನೋಡಿ.”

ಸಾಹುಕಾರರು ಹೇಳಿದ ಮೂರು ತಿಂಗಳ ಕೊನೆಯ ದಿನ ಶನಿವಾರ ಬಿತ್ತು. ಅಜ್ಜಿ ಮುಂದೆ, ತಾತ ನಡುವೆ, ನಾನು ಹಿಂದೆ. ಹನ್ನೊಂದು ಮೆಟ್ಟಿಲಿಗೆ ಹನ್ನೊಂದು ಜನ ಬಂದು ಹೋದರು. ತಿರುವಿನ ಸ್ಟೂಲಿನಲ್ಲಿ ತಾತ ಎರಡು ನಿಮಿಷ ಕೂತರು. ಅಜ್ಜಿ ಗಡಿಯಾರ ಹಿಡಿದಿದ್ದರು, ಹತ್ತು ಸೆಕೆಂಡು ಮೊದಲೂ ಬಿಡಲಿಲ್ಲ. ಹದಿನೇಳರಲ್ಲಿ ಮೂವರೂ ಒಂದು ಕ್ಷಣ ನಿಂತೆವು. ಆಮೇಲೆ ಹದಿನೆಂಟು. ಇಪ್ಪತ್ತೆರಡನೆಯ ಮೆಟ್ಟಿಲಿನ ಮೇಲೆ ಕಾಜಾ ಮಾಮ ಬಾಗಿಲು ತೆರೆದುಕೊಂಡು ನಿಂತಿದ್ದರು. ಟೇಬಲ್ ಒರೆಸಿ, ಕತ್ತರಿಗೆ ಎಣ್ಣೆ ಹಾಕಿಟ್ಟಿದ್ದರು.

ತಾತ ಟೇಬಲ್ಲಿನ ಅಂಚಿಗೆ ಎರಡೂ ಅಂಗೈ ಊರಿ ನಿಂತರು. ಅಂಚಿನ ಆ ಜಾಗದಲ್ಲಿ ಮರ ಸವೆದು ನುಣುಪಾಗಿತ್ತು. ಕಪಾಟಿನಲ್ಲಿ ಕಾಗದ ಸುತ್ತಿಟ್ಟಿದ್ದ ಬೂದುಬಣ್ಣದ ಉಣ್ಣೆ ಬಟ್ಟೆಯನ್ನು ತೆಗೆಸಿದರು. ಅದು ಊರ ಲೈಬ್ರರಿಯಲ್ಲಿ ಕೆಲಸ ಮಾಡುವ ಹಳೆಯ ಗಿರಾಕಿಯೊಬ್ಬರದು. ಮಾಸ್ಟರು ಬರುವ ತನಕ ಕಾಯುತ್ತೇನೆ ಎಂದು ಬೇರೆ ಕಡೆ ಕೊಡದೆ ಬಿಟ್ಟಿದ್ದರು. ಬಟ್ಟೆಯನ್ನು ಟೇಬಲ್ಲಿನ ಉದ್ದಕ್ಕೂ ಹಾಸಿ, ಅಂಗೈಯಿಂದ ಸುಕ್ಕು ತೀಡಿ, ಸೀಮೆಸುಣ್ಣದಲ್ಲಿ ಬೆನ್ನಿನ ಗೆರೆ ಎಳೆದರು. ಗೆರೆ ಎಲ್ಲೂ ನಡುಗಲಿಲ್ಲ.

ಆಗ ಕೆಳಗಿನಿಂದ ಸಾಹುಕಾರರ ದನಿ ಬಂತು. “ಮಾಸ್ಟ್ರೇ, ಕೀ ವಿಚಾರ...”

“ಮೇಲೆ ಬಾ!” ಎಂದರು ತಾತ, ಗೆರೆಯಿಂದ ಕಣ್ಣು ತೆಗೆಯದೆ.

ಮೆಟ್ಟಿಲುಗಳು ಒಂದೊಂದಾಗಿ ಕಿರುಗುಟ್ಟಿದವು. ತಿರುವಿನಲ್ಲಿ ಸದ್ದು ನಿಂತಿತು, ಬಹಳ ಹೊತ್ತಾದ ಮೇಲೆ ಮತ್ತೆ ಶುರುವಾಯಿತು. ಸಾಹುಕಾರರು ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಾಗ ಹಣೆಯಿಂದ ಬೆವರು ಇಳಿಯುತ್ತಿತ್ತು. “ಕೀ...” ಎಂದರು. ಉಳಿದ ಮಾತು ಬರಲಿಲ್ಲ.

ತಾತ ತಲೆಯೆತ್ತಿ, ಗಿರಾಕಿಯನ್ನು ನೋಡುವ ಹಾಗೆ ಅವರನ್ನು ನೋಡಿದರು. “ಎದೆ ನಲವತ್ತೆರಡು, ಹೊಟ್ಟೆ ನಲವತ್ತಾರು. ಕೂತ್ಕೋ ಮೊದಲು. ಎಡಗೈ ಯಾಕೆ ಉಜ್ಜಿಕೊಳ್ತಿದ್ದೀಯ?”

“ಏನಿಲ್ಲ ಮಾಸ್ಟ್ರೇ, ಗ್ಯಾಸು...”

“ನಾನೂ ಗ್ಯಾಸು ಅಂತಾನೇ ಅಂದ್ಕೊಂಡಿದ್ದೆ. ಆ ಗ್ಯಾಸಿಗೆ ಎರಡು ಸ್ಟೆಂಟ್ ಹಾಕಿದ್ರು.”

ಸಾಹುಕಾರರು ನಗಲು ನೋಡಿದರು. ತಾತ ನಗಲಿಲ್ಲ. ಸೀಮೆಸುಣ್ಣ ಕೆಳಗಿಟ್ಟು, “ಇವತ್ತೇ ಹೋಗ್ಬೇಕು, ಈಗಲೇ. ನಾಳೆ ಅಂದ್ರೆ ನಾನು ಒಪ್ಪಲ್ಲ. ನಾನು ಎರಡು ದಿನ ನಾಳೆ ನಾಳೆ ಅಂದಿದ್ದೆ” ಎಂದರು. ಕಾಜಾ ಮಾಮ ಕೆಳಗಿಳಿದು ಆಟೋ ಕರೆದರು. ಅಜ್ಜಿ ಸಾಹುಕಾರರಿಗೆ ನೀರು ಕೊಟ್ಟು, ಒಂದೊಂದೇ ಮೆಟ್ಟಿಲು ಇಳಿಸಿಕೊಂಡು ಹೋದರು. ಇಳಿಯುವ ಮೊದಲು ಬಾಗಿಲ ಹತ್ತಿರ ಸಾಹುಕಾರರು ತಿರುಗಿ ನಿಂತು, ಹಾಸಿದ ಬಟ್ಟೆಯನ್ನೂ ಬಿಳಿ ಗೆರೆಯನ್ನೂ ನೋಡಿದರು. ಕೀ ಮಾತು ಎತ್ತಲಿಲ್ಲ.

ಆ ಸಲ ದೊಡ್ಡದೇನೂ ಆಗಿರಲಿಲ್ಲವಂತೆ. ರಕ್ತದೊತ್ತಡ ವಿಪರೀತ ಏರಿತ್ತು. ಡಾಕ್ಟರು ಮೂರು ಬಗೆಯ ಮಾತ್ರೆ ಕೊಟ್ಟು, ಬೈದು, ವ್ಯಾಯಾಮದ ಮೇಡಂ ಹತ್ತಿರ ಕಳಿಸಿದರು. ಹತ್ತು ದಿನದ ಮೇಲೆ ಸಾಹುಕಾರರು ಮೆಟ್ಟಿಲ ಬುಡದಲ್ಲಿ ನಿಂತು ಮೇಲಕ್ಕೆ ಕೂಗಿದರು.

“ಮಾಸ್ಟ್ರೇ, ಹತ್ತಿ ಬಂದ್ರೆ ರೂಮು ನಿಮ್ದೇ ಅಂದಿದ್ದೆ, ನಿಮ್ದೇ. ಬಣ್ಣದ ಡಬ್ಬಿ ಕೆಳಗೇ ಇರುತ್ತೆ. ಅದನ್ನ ಹೊತ್ಕೊಂಡು ಇಷ್ಟು ಮೆಟ್ಟಿಲು ಹತ್ತೋರು ಯಾರು?”

“ಹಾಗಾದ್ರೆ ನಿಂಗೊಂದು ಕೋಟು ನನ್ನ ಲೆಕ್ಕದಲ್ಲಿ!” ಎಂದು ತಾತ ಮೇಲಿನಿಂದ ಕೂಗಿದರು.

“ಅಳತೆ ಗೊತ್ತಲ್ಲ ನಿಮಗೆ! ಅವತ್ತೇ ಹೇಳಿದ್ರಿ!”

“ಅದು ನಡೆಯಲ್ಲ. ಮೂರು ತಿಂಗಳು ಬಿಟ್ಟು ಹತ್ತಿ ಬಾ. ಆವಾಗ ಟೇಪು ಹಿಡೀತೀನಿ.”